ನಾಲ್ಕು ಚಾನೆಲ್ಲಿನ ಸೊಲೆನಾಯ್ಡ್ ಡ್ರೈವರ್: ದಾಲ್ ಮಿಲ್ಲಿನಲ್ಲಿ ಎಲ್ಲಿ ಲಾಭ, ಎಲ್ಲಿ ದಂಡ

ಸೊಲೆನಾಯ್ಡ್ ಎಂದರೆ ಕರೆಂಟು ಹರಿದಾಗ ಒಳಗಿನ ಕಬ್ಬಿಣದ ಕಡ್ಡಿಯನ್ನು (ಪ್ಲಂಜರ್) ಎಳೆದು ವಾಲ್ವನ್ನೋ ಗೇಟನ್ನೋ ನಡೆಸುವ ಕಾಯಿಲ್. ಅಂಥ ನಾಲ್ಕು ಕಾಯಿಲ್ಲಿಗೆ ಅಳೆದು ಕರೆಂಟು ಕೊಡುವ ಡ್ರೈವರ್ ಇದು, ಪ್ಯಾನೆಲ್ಲಿನೊಳಗೆ ಡಿಐಎನ್ ರೈಲೆಂಬ ಲೋಹದ ಪಟ್ಟಿಗೆ ಸಿಕ್ಕಿಸುವ ನಾಲ್ಕು ಚಾನೆಲ್ಲಿನ ಡಬ್ಬಿ. ಒಳಗೆ ಹೋಗುವುದು 24 ವೋಲ್ಟ್ ಡಿಸಿ. ಒಳಗಿನ ಬೂಸ್ಟ್ ಸರ್ಕ್ಯೂಟು ಅದನ್ನು 70 ವೋಲ್ಟಿಗೆ ಏರಿಸಿ ಕೆಪಾಸಿಟರಿನಲ್ಲಿ ತುಂಬಿಟ್ಟುಕೊಳ್ಳುತ್ತದೆ. ಪ್ಲಂಜರ್ ಎಳೆಯುವ ಪೀಕ್ ಕರೆಂಟು 5 ಆಂಪಿಯರ್‌ವರೆಗೆ, ಎಳೆದದ್ದನ್ನು ಹಿಡಿದಿಡುವ ಹೋಲ್ಡ್ ಕರೆಂಟು 2 ಆಂಪಿಯರ್‌ವರೆಗೆ, ಸಮಯ 0.01 ಮಿಲಿಸೆಕೆಂಡಿನ ಹೆಜ್ಜೆಯಲ್ಲಿ. ಇವೆಲ್ಲವನ್ನೂ ಪ್ರತಿ ಚಾನೆಲ್ಲಿಗೆ ಬೇರೆ ಬೇರೆಯಾಗಿ ಕೂರಿಸಬಹುದು. ಸೆಟ್ಟಿಂಗಿಗೆ ಯುಎಸ್‌ಬಿ, ಮಷಿನ್ ನಡೆಸುವ ಕಂಟ್ರೋಲರಾದ ಪಿಎಲ್‌ಸಿ ಜೊತೆ ಮಾತಿಗೆ ಆರ್‌ಎಸ್-485 ಗೆರೆಯ ಮೇಲೆ ಮಾಡ್‌ಬಸ್ ಭಾಷೆ. ಬ್ರ್ಯಾಂಡಿನ ಹೆಸರು ಇಲ್ಲಿ ಬರೆದಿಲ್ಲ. ಒಂದೇ ಬೋರ್ಡು ಎರಡು ಮೂರು ಸ್ಟಿಕ್ಕರುಗಳಲ್ಲಿ ಮಾರಾಟಕ್ಕಿದೆ, ಹಾಗಾಗಿ ಮೇಲಿನ ಅಂಕಿಗಳನ್ನು ಡೇಟಾಶೀಟಿಗೆ ಹೊಂದಿಸಿ ನೋಡಿದರೆ ಇದೇ ಮಾಲೋ ಅಲ್ಲವೋ ಗೊತ್ತಾಗುತ್ತದೆ.

ಕಲಬುರಗಿಯ ತೊಗರಿ ಬೇಳೆ ಮಿಲ್ಲಿನಲ್ಲಿ ವೇಗದ ಸೊಲೆನಾಯ್ಡ್ ಎಂದರೆ ಎಲ್ಲರ ಕಣ್ಣು ಹೋಗುವುದು ಬಣ್ಣ ನೋಡಿ ಕೆಟ್ಟ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಮಷಿನ್ನಿನಲ್ಲಿ ಗಾಳಿ ಊದಿ ಆ ಕಾಳನ್ನು ಹೊರಹಾಕುವ ಎಜೆಕ್ಟರ್ ವಾಲ್ವಿನ ಕಡೆಗೆ. ಅಲ್ಲಿಗೆ ಈ ಡಬ್ಬಿ ಅಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾಳು ಜಾರಿ ಬರುವ ಒಂದೊಂದು ಚ್ಯೂಟಿಗೆ ಸಾಲಾಗಿ ಹತ್ತಾರು ಎಜೆಕ್ಟರ್‌ಗಳಿರುತ್ತವೆ. ನಾಲ್ಕು ನಾಲ್ಕು ಚಾನೆಲ್ ಜೋಡಿಸುತ್ತಾ ಹೋದರೆ ಹಳೆ ಮಷಿನ್ನಿನ ಬೆಲೆಯೇ ಆದೀತು. ಮಷಿನ್ನಿನ ಜೊತೆ ಬಂದ ಎಜೆಕ್ಟರ್ ಕಾರ್ಡು ಅದರ ವಾಲ್ವಿಗೆಂದೇ ಮಾಡಿದ್ದು, ಅದನ್ನು ಕೆಣಕಬೇಡಿ. ಬಿಚ್ಚಿದ ಎಜೆಕ್ಟರ್‌ಗಳನ್ನು ಮೇಜಿನ ಮೇಲೆ ಒಂದೊಂದಾಗಿ ಪರೀಕ್ಷಿಸಲು ಮಾತ್ರ ಈ ಡ್ರೈವರ್ ಬಹಳ ಚೆನ್ನಾಗಿ ಒದಗುತ್ತದೆ. ಅದರ ಮಾತು ಮುಂದೆ ಬರುತ್ತದೆ.

ಇದರ ನಿಜವಾದ ಜಾಗ ಪ್ಯಾಕಿಂಗ್ ಸೆಕ್ಷನ್. ಒಂದು ಕಿಲೋ ಪ್ಯಾಕೆಟ್ ತುಂಬುವ ತೂಕದ ಮಷಿನ್ನಿನಲ್ಲಿ ಕೊನೆಯ ಹಂತದ ಸಣ್ಣ ಧಾರೆ ಸೆಕೆಂಡಿಗೆ 200 ಗ್ರಾಂ ಇದೆ ಎಂದುಕೊಳ್ಳಿ. ಗೇಟು ಮುಚ್ಚುವುದರಲ್ಲಿ 10 ಮಿಲಿಸೆಕೆಂಡು ಹೆಚ್ಚುಕಡಿಮೆಯಾದರೆ 2 ಗ್ರಾಂ ಹೆಚ್ಚುಕಡಿಮೆ. ದಿನಕ್ಕೆ 10,000 ಪ್ಯಾಕೆಟ್ ಹೊಡೆಯುವ ಮಿಲ್ಲು ಕಡಿಮೆ ತೂಕದ ತಂಟೆ ಬೇಡವೆಂದು 2 ಗ್ರಾಂ ಮೇಲಿಟ್ಟರೆ ದಿನಕ್ಕೆ 20 ಕಿಲೋ ಬೇಳೆ ಪುಕ್ಕಟೆ ಹೋಯಿತು. ಗೇಟು ನಿಧಾನವಾಗಿದ್ದರೂ ಪ್ರತಿ ಸಲ ಅಷ್ಟೇ ನಿಧಾನವಾಗಿದ್ದರೆ ಕಂಟ್ರೋಲರಿನಲ್ಲಿ ಸರಿದೂಗಿಸಬಹುದು. ಬೆಳಗ್ಗೆ ಒಂದು, ಮಧ್ಯಾಹ್ನ ಕಾಯಿಲ್ ಕಾದ ಮೇಲೆ ಇನ್ನೊಂದು, ಫೀಡರಿನಲ್ಲಿ ವೋಲ್ಟೇಜ್ ಇಳಿದಾಗ ಮತ್ತೊಂದು ಆದರೆ ಯಾವ ಕಂಟ್ರೋಲರೂ ಏನೂ ಮಾಡಲಾರದು. ಈ ಡ್ರೈವರಿಗೆ ಹಣ ಕೊಡುವುದಾದರೆ ಈ ಒಂದೇ ಬಗೆಯ ನಡತೆಗೆ ಕೊಡಬೇಕು, ಜಾಹೀರಾತಿನ ವೇಗಕ್ಕಲ್ಲ.

ಹಾಗೆಂದು ವೇಗದಲ್ಲಿ ಸುಳ್ಳಿಲ್ಲ. ಲೆಕ್ಕಕ್ಕೆ 4 ಓಮ್, 8 ಮಿಲಿಹೆನ್ರಿ ಕಾಯಿಲ್ ಹಿಡಿಯೋಣ. ಪ್ಲಂಜರ್ ಎಳೆಯಲು 3 ಆಂಪಿಯರ್ ಬೇಕು. ಇದರ ಟೈಂ ಕಾನ್‌ಸ್ಟಂಟ್, ಅಂದರೆ ಕರೆಂಟು ಎಷ್ಟು ನಿಧಾನವಾಗಿ ಏರಿಳಿಯುತ್ತದೆ ಎಂಬುದರ ಅಳತೆ, 2 ಮಿಲಿಸೆಕೆಂಡು. ಬರೀ 24 ವೋಲ್ಟ್ ಕೊಟ್ಟರೆ 3 ಆಂಪಿಯರ್ ತಲುಪಲು 1.4 ಮಿಲಿಸೆಕೆಂಡು ಹಿಡಿಯುತ್ತದೆ. 70 ವೋಲ್ಟ್ ಬೂಸ್ಟಿನಲ್ಲಿ 0.38 ಸಾಕು. ತೆರೆದ ಮೇಲೆ ಅದೇ 3 ಆಂಪಿಯರನ್ನು ಬಿಟ್ಟರೆ ಕಾಯಿಲ್ಲಿನಲ್ಲಿ 36 ವ್ಯಾಟ್ ಶಾಖ. ಹೋಲ್ಡಿಗೆ 1 ಆಂಪಿಯರಿಗೆ ಇಳಿಸಿದರೆ 4 ವ್ಯಾಟ್. ಎಳೆದುಕೊಂಡ ಪ್ಲಂಜರಿನ ಗಾಳಿಯಂತರ ಮುಚ್ಚಿಹೋಗಿರುವುದರಿಂದ ಅಷ್ಟು ಕರೆಂಟು ಹಿಡಿದಿಡಲು ಸಾಕಾಗುತ್ತದೆ.

ಜನ ಮರೆಯುವುದು ಮುಚ್ಚುವ ಕಡೆಯನ್ನು. ಆಫ್ ಆದ ಮೇಲೆ ಕರೆಂಟು ಸುತ್ತಿ ಕರಗಲೆಂದು ಕಾಯಿಲ್ಲಿಗೆ ಅಡ್ಡವಾಗಿ ಸಾದಾ ಡಯೋಡ್ ಇದ್ದರೆ 3 ಆಂಪಿಯರಿನಿಂದ ಪ್ಲಂಜರ್ ಬಿಡುವ 0.3 ಆಂಪಿಯರಿಗೆ ಇಳಿಯಲು 3.8 ಮಿಲಿಸೆಕೆಂಡು ಬೇಕು. 1 ಆಂಪಿಯರಿನ ಹೋಲ್ಡಿನಿಂದಾದರೆ 1.8. ಈ ಡ್ರೈವರಿನಲ್ಲಿ ಎದುರು ವೋಲ್ಟೇಜು ಒಡ್ಡಿ ಕರೆಂಟನ್ನು ಬೇಗ ಇಳಿಸುವ 48 ವೋಲ್ಟಿನ ಕ್ಲ್ಯಾಂಪಿದೆ. ಹೋಲ್ಡ್ ನಡೆಯುವಾಗ ಕರೆಂಟು ಮೆಲ್ಲಗೆ ಸುತ್ತುತ್ತದೆ, ಆಫ್ ಸಂಕೇತ ಬಂದ ಕೂಡಲೆ ಕ್ಲ್ಯಾಂಪಿನ ದಾರಿ ಹಿಡಿದು 0.11 ಮಿಲಿಸೆಕೆಂಡಿನಲ್ಲಿ ಬಿದ್ದುಹೋಗುತ್ತದೆ. ಅಗ್ಗದ ಪೀಕ್-ಹೋಲ್ಡ್ ಕಾರ್ಡುಗಳಲ್ಲಿ ತೆರೆಯುವ ಕಡೆ ಚೆನ್ನಾಗಿದ್ದು ಮುಚ್ಚುವ ಕಡೆ ಬರೀ ಡಯೋಡ್ ಇರುತ್ತದೆ. ತೂಕದ ಗೇಟಿಗೆ ಬೇಕಾದದ್ದೇ ಮುಚ್ಚುವ ವೇಗ. ಡೇಟಾಶೀಟಿನಲ್ಲಿ ಕ್ಲ್ಯಾಂಪ್ ವೋಲ್ಟೇಜಿನ ಸಾಲು ಇಲ್ಲದಿದ್ದರೆ ಆ ಡ್ರೈವರನ್ನು ಅಲ್ಲಿಗೇ ಬಿಟ್ಟುಬಿಡಿ.

ಈ ಎಲ್ಲ ಅನುಕೂಲವನ್ನು ಒಂದೇ ಏಟಿಗೆ ಹಾಳುಮಾಡುವುದು ವಾಲ್ವಿನ ತಲೆ ಮೇಲಿನ ಚೌಕದ ಕನೆಕ್ಟರ್. ಮಾರುಕಟ್ಟೆಯಲ್ಲಿ ಸಿಗುವ ಎಲ್‌ಇಡಿ ಇರುವ ಕನೆಕ್ಟರುಗಳಲ್ಲಿ ಬಹಳಷ್ಟಕ್ಕೆ ಒಳಗೇ ಡಯೋಡೋ, ಹೆಚ್ಚಾದ ವೋಲ್ಟೇಜನ್ನು ನುಂಗುವ ವೇರಿಸ್ಟರೋ ಇರುತ್ತದೆ. ಡಯೋಡ್ ಇದ್ದರೆ ಡ್ರೈವರಿನ ಕ್ಲ್ಯಾಂಪಿಗೆ ಕೆಲಸವೇ ಸಿಗುವುದಿಲ್ಲ, ಕರೆಂಟು ಆ ಡಯೋಡಿನಲ್ಲೇ ಸುತ್ತುತ್ತಾ ಮತ್ತೆ ಹಳೆಯ 2 ಮಿಲಿಸೆಕೆಂಡಿಗೆ ಬಂದು ನಿಲ್ಲುತ್ತದೆ. ಪ್ಲಸ್ ಮೈನಸ್ ತಿರುಗಿಸಿ ಕಟ್ಟಿದರೆ ನೇರ ಶಾರ್ಟ್. 24 ವೋಲ್ಟಿನ ಲೆಕ್ಕದಲ್ಲಿ ಹಾಕಿದ ವೇರಿಸ್ಟರಿಗೆ ಬೂಸ್ಟಿನ 70 ವೋಲ್ಟ್ ಬಿದ್ದರೆ ಪ್ರತಿ ಹೊಡೆತಕ್ಕೂ ಅದು ಶಕ್ತಿ ನುಂಗಿ ಕೊನೆಗೆ ಸುಟ್ಟು ಶಾರ್ಟ್ ಆಗುತ್ತದೆ. ಏನೂ ಇಲ್ಲದ ಬರಿಯ ಕನೆಕ್ಟರನ್ನೇ ಹಾಕಬೇಕು. ಅನುಮಾನವಿದ್ದರೆ ಕನೆಕ್ಟರ್ ಕಳಚಿ, ಕಾಯಿಲ್ ಇಲ್ಲದೆ, ಮಲ್ಟಿಮೀಟರಿನ ಡಯೋಡ್ ರೇಂಜಿನಲ್ಲಿ ಎರಡೂ ದಿಕ್ಕಿಗೆ ನೋಡಿ: ಒಂದು ಕಡೆ ಅರ್ಧ ವೋಲ್ಟಿನ ಆಸುಪಾಸು ತೋರಿಸಿದರೆ ಒಳಗೆ ಡಯೋಡ್ ಕೂತಿದೆ. ವೇರಿಸ್ಟರ್ ಮೀಟರಿಗೆ ಸಿಗುವುದಿಲ್ಲ, ಮುಚ್ಚಳ ತೆಗೆದು ಕಣ್ಣಲ್ಲೇ ನೋಡಬೇಕು. ಈ ಮಾತು ಡ್ರೈವರಿನ ಮ್ಯಾನ್ಯುಅಲ್ಲಿನಲ್ಲಿ ಎಲ್ಲೂ ಇಲ್ಲ, ಇರಬೇಕಿತ್ತು.

ಈ ಅನುಕೂಲವನ್ನು ತಿಂದುಹಾಕುವ ಇನ್ನೊಂದು ಜಾಗ ಪಿಎಲ್‌ಸಿ. ಸ್ಕ್ಯಾನ್, ಅಂದರೆ ಪ್ರೋಗ್ರಾಮಿನ ಒಂದು ಸುತ್ತು, 10 ಮಿಲಿಸೆಕೆಂಡು ಹಿಡಿಯುವ ಪಿಎಲ್‌ಸಿಯಿಂದ ಟ್ರಿಗರ್ ಕೊಟ್ಟರೆ ಆಜ್ಞೆಯೇ 0ಯಿಂದ 10ರವರೆಗೆ ಎಲ್ಲಿ ಬೇಕಾದರೂ ಬರಬಹುದು. ಆಮೇಲೆ ಡ್ರೈವರ್ 0.38ರಲ್ಲಿ ತೆರೆದು ಏನು ಬಂತು? ರಿಲೇ ಔಟ್‌ಪುಟ್ ಆದರೆ ಇನ್ನೂ ಕೆಟ್ಟದ್ದು, ಸಂಪರ್ಕದ ಬಡಿತವನ್ನು ಡ್ರೈವರ್ ಎರಡು ಮೂರು ಆಜ್ಞೆಗಳೆಂದು ಓದುತ್ತದೆ. ಟ್ರಾನ್ಸಿಸ್ಟರ್ ಔಟ್‌ಪುಟ್ ಬೇಕು, ಪ್ರೋಗ್ರಾಮಿನಲ್ಲಿ ಸ್ಕ್ಯಾನಿಗೆ ಕಾಯದ ಇಂಟರಪ್ಟ್ ಬೇಕು. ಇಲ್ಲವಾದರೆ ತೂಕದ ಕಂಟ್ರೋಲರಿನ ಸೆಟ್‌ಪಾಯಿಂಟ್ ಔಟ್‌ಪುಟ್ಟನ್ನೇ ನೇರ ಡ್ರೈವರಿನ ಆಪ್ಟೋ ಇನ್‌ಪುಟ್ಟಿಗೆ ತಂದು, ಪಿಎಲ್‌ಸಿಗೆ ಬರೀ ಲೆಕ್ಕದ ಕೆಲಸ ಬಿಡಿ. ಮಾಡ್‌ಬಸ್ ಮೇಲೆ ಟ್ರಿಗರ್ ಕಳಿಸುವ ಸೌಲಭ್ಯವನ್ನೂ ಕೊಟ್ಟಿದ್ದಾರೆ. ವೇಗದ ಡ್ರೈವರಿನಲ್ಲಿ ಅದು ಯಾಕಿದೆಯೋ ತಿಳಿಯದು. ಸೆಟ್ಟಿಂಗ್ ಬದಲಿಸಲು, ದೋಷ ಓದಲು ಅದನ್ನು ಬಳಸಿ, ಅಷ್ಟೇ. ಆರ್‌ಎಸ್-485 ಗೆರೆಯ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕುವುದನ್ನು ಬಿಡಬೇಡಿ.

ಸೆಟ್ಟಿಂಗ್ ಮಾಡುವ ಕ್ರಮಕ್ಕೆ ಬಂದರೆ, ಮ್ಯಾನ್ಯುಅಲ್ಲಿನ ಮಾದರಿ ಅಂಕಿಗಳನ್ನು ಹಾಗೇ ತುಂಬಬಾರದು. ಮೊದಲು ತಣ್ಣನೆಯ ಕಾಯಿಲ್ಲಿನ ಓಮ್ ಅಳೆಯಿರಿ. 4 ಓಮಿನಂಥ ಸಣ್ಣ ಬೆಲೆಯಲ್ಲಿ ಮೀಟರಿನ ವೈರಿನದೇ 0.2, 0.3 ಓಮ್ ಇರುತ್ತದೆ, ಎರಡು ಮೊನೆ ಕೂಡಿಸಿ ಓದಿ ಕಳೆದುಬಿಡಿ. ಪೀಕ್ ಕರೆಂಟನ್ನು ಕಾಯಿಲ್ ತಯಾರಕರು ಕೊಟ್ಟ ಅಂಕಿಯಲ್ಲೇ ಇಟ್ಟು, ಪೀಕ್ ಸಮಯವನ್ನು ಬೇಕೆಂದೇ ಉದ್ದವಾಗಿ, 5 ಮಿಲಿಸೆಕೆಂಡಿಗೆ ಕೂರಿಸಿ, ಆಸಿಲೋಸ್ಕೋಪಿನಲ್ಲಿ ಕರೆಂಟಿನ ಗೆರೆ ನೋಡಿ. ಗೆರೆ ಏರುತ್ತಾ ಒಂದು ಕಡೆ ಸಣ್ಣದಾಗಿ ತಗ್ಗಿ ಮತ್ತೆ ಏರುತ್ತದೆ. ಪ್ಲಂಜರ್ ಓಡಿ ತುದಿ ಮುಟ್ಟಿದ ಕ್ಷಣ ಅದು. ಓಡುವಾಗ ಹುಟ್ಟುವ ಎದುರು ವೋಲ್ಟೇಜು ಕರೆಂಟನ್ನು ತಗ್ಗಿಸುತ್ತದೆ. 70 ವೋಲ್ಟಿನಲ್ಲಿ ಏರಿಕೆ ಕಡಿದಾಗಿರುವುದರಿಂದ, ಮತ್ತು ಕರೆಂಟು ಮಿತಿ ಮುಟ್ಟಿದ ಮೇಲೆ ಚಾಪ್, ಅಂದರೆ ವೇಗವಾಗಿ ಆನ್-ಆಫ್, ಆಗುವುದರಿಂದ, ಈ ತಗ್ಗು ಮರೆಯಾಗುತ್ತದೆ. ಹಾಗಾಗಿ ಮೊದಲು ಬೂಸ್ಟ್ ಆಫ್ ಮಾಡಿ 24 ವೋಲ್ಟಿನಲ್ಲಿ ತಗ್ಗಿನ ಆಕಾರ ಗುರುತು ಹಿಡಿದು, ಆಮೇಲೆ ಬೂಸ್ಟ್ ಹಾಕಿ ಹುಡುಕಿ. ಅಲ್ಲೂ ಕಾಣದಿದ್ದರೆ ವಾಲ್ವಿನ ಹೊರಬಾಯಿಗೆ ಪ್ರೆಷರ್ ಸೆನ್ಸರ್ ಕಟ್ಟಿ ನೋಡುವುದೇ ದಾರಿ.

ತಗ್ಗು ಸಿಕ್ಕ ಸಮಯಕ್ಕೆ ಅದರ ಮೂರನೆಯ ಒಂದು ಭಾಗದಷ್ಟು ಸೇರಿಸಿ ಪೀಕ್ ಸಮಯ ಕೂರಿಸಿ. ಆದರೆ ಈ ಅಳತೆ ಬೆಳಗಿನ ತಂಪಿನಲ್ಲಿ ಮಾಡಿದ್ದಾದರೆ ಕೆಲಸಕ್ಕೆ ಬಾರದು. ಕಾಯಿಲ್ ಕಾದಿರಬೇಕು, ಗಾಳಿಯ ಒತ್ತಡ ಗರಿಷ್ಠದಲ್ಲಿರಬೇಕು, ಸಪ್ಲೈ 24ರ ಬದಲು 22 ವೋಲ್ಟಿಗೆ ಇಳಿಸಿರಬೇಕು. ಈ ಮೂರೂ ಸೇರಿದಾಗಲೂ ಎಳೆದರೆ ಮಾತ್ರ ನಂಬಿ. ಹೋಲ್ಡಿಗೆ ಕರೆಂಟನ್ನು ಪ್ಲಂಜರ್ ಬಿಡುವವರೆಗೂ ಇಳಿಸುತ್ತಾ ಬಂದು, ಬಿಟ್ಟ ಅಂಕಿಯ ಒಂದೂವರೆ ಪಟ್ಟು ಇಡಿ. ಜರಡಿ ಅಥವಾ ಎಲಿವೇಟರಿನ ಚೌಕಟ್ಟಿಗೆ ವಾಲ್ವ್ ಬಿಗಿದಿದ್ದರೆ ಎರಡು ಪಟ್ಟು. ಆನ್-ಆಫ್ ಮಾಡುತ್ತಾ ಹೋಲ್ಡ್ ಕರೆಂಟನ್ನು ಹಿಡಿಯುವ ಪಿಡಬ್ಲ್ಯೂಎಂ ಅನ್ನು 20 ಕಿಲೋಹರ್ಟ್ಸಿನಲ್ಲಿ ಬಿಟ್ಟರೆ ನಮ್ಮ 8 ಮಿಲಿಹೆನ್ರಿ ಕಾಯಿಲ್ಲಿನಲ್ಲಿ ಕರೆಂಟಿನ ಅಲುಗಾಟ 0.02 ಆಂಪಿಯರ್ ಮಾತ್ರ. 2 ಕಿಲೋಹರ್ಟ್ಸಿಗೆ ಇಳಿಸಿದರೆ 0.2 ಆಗಿ ಕಾಯಿಲ್ ಕಿವಿಗೆ ಕೇಳುವಂತೆ ಗುಂಯ್‌ಗುಡುತ್ತದೆ. ಕೊನೆಗೆ ಸಾಫ್ಟ್‌ವೇರಿನಲ್ಲಿ ಸೇವ್ ಬಟನ್ ಒತ್ತಿ. ಅಪ್ಲೈ ಒತ್ತಿದರೆ ಅಂಕಿ ತಾತ್ಕಾಲಿಕ ಮೆಮೊರಿಗೆ ಮಾತ್ರ ಹೋಗುತ್ತದೆ, ಕರೆಂಟು ಹೋಗಿ ಬಂದರೆ ಹಳೆ ಸೆಟ್ಟಿಂಗೇ. ದಿನಕ್ಕೆ ನಾಲ್ಕು ಸಲ ಲೈನು ಹೋಗುವ ಊರಿನಲ್ಲಿ ಇಂಥ ಎರಡು ಬಟನ್ನಿನ ಏರ್ಪಾಡು ಬೇಕಿರಲಿಲ್ಲ.

ಈ ಸಾಧನದ ದೊಡ್ಡ ಗುಣ ಕರೆಂಟನ್ನು ಅಳೆದು ಹಿಡಿಯುವುದು. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಶೇ 0.39ರಷ್ಟು ಏರುತ್ತದೆ, 20 ಡಿಗ್ರಿಯಲ್ಲಿ 4 ಓಮ್ ಇದ್ದ ಕಾಯಿಲ್ 100 ಡಿಗ್ರಿ ಮುಟ್ಟಿದಾಗ 5.26 ಓಮ್. ಸಾದಾ 24 ವೋಲ್ಟಿನ 12 ವ್ಯಾಟ್ ಕಾಯಿಲ್ ಇಷ್ಟು ಕಾದರೆ 0.5 ಆಂಪಿಯರ್ ಇದ್ದದ್ದು 0.38ಕ್ಕೆ ಇಳಿಯುತ್ತದೆ, ಎಳೆತದ ಬಲ ಕರೆಂಟಿನ ವರ್ಗದಂತೆ ನಡೆಯುವುದರಿಂದ ಸುಮಾರು ಶೇ 60ಕ್ಕೆ ಕುಸಿಯುತ್ತದೆ. ಏಪ್ರಿಲ್-ಮೇ ಬಿಸಿಲಿನಲ್ಲಿ, ತಗಡಿನ ಶೆಡ್ಡಿನಲ್ಲಿ, ಮಧ್ಯಾಹ್ನ ಎರಡರ ಮೇಲೆ ವಾಲ್ವ್ ಕೈಕೊಡುವುದರ ಹಿಂದೆ ಇದೇ ಕಾರಣ ಇರುವುದು ಹೆಚ್ಚು. ಈ ಡ್ರೈವರಿನಲ್ಲಿ 3 ಆಂಪಿಯರ್ ಎಂದರೆ ಬೆಳಗ್ಗೆಯೂ 3, ಮಧ್ಯಾಹ್ನವೂ 3.

ಆದರೆ ಡಬ್ಬಿಗೂ ಬಿಸಿಲು ತಾಗುತ್ತದೆ. ಪೂರ್ತಿ ಕರೆಂಟಿಗೆ 55 ಡಿಗ್ರಿವರೆಗೆ ಎಂದು ಬರೆದಿದ್ದಾರೆ. ಹೊರಗೆ 43 ಡಿಗ್ರಿ ಇದ್ದಾಗ ಮುಚ್ಚಿದ ಪ್ಯಾನೆಲ್ಲಿನ ಮೇಲ್ಭಾಗ ಅದನ್ನು ಸುಲಭವಾಗಿ ದಾಟುತ್ತದೆ. ಪ್ಯಾನೆಲ್ಲಿನ ಕೆಳಗಿನ ರೈಲಿಗೆ ಹಾಕಿ, ಎರಡೂ ಬದಿಗೆ ಎರಡು ಬೆರಳು ಜಾಗ ಬಿಡಿ, ಮೋಟರಿನ ವೇಗ ಬದಲಿಸುವ ವಿಎಫ್‌ಡಿಯ ಮೇಲೆ ಕೂರಿಸಬೇಡಿ. ಫ್ಯಾನ್ ಫಿಲ್ಟರಿಗೆ ತೊಗರಿ ಹೊಟ್ಟಿನ ದೂಳು ಮೆತ್ತಿದರೆ ಫ್ಯಾನ್ ಇದ್ದೂ ಇಲ್ಲದಂತೆ. ಸೀಸನ್ನಿನಲ್ಲಿ ವಾರಕ್ಕೊಮ್ಮೆ ಫಿಲ್ಟರ್ ಬಡಿಯಲೇಬೇಕು. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯಸ್ಸು 10 ಡಿಗ್ರಿ ಏರಿದರೆ ಅರ್ಧಕ್ಕೆ ಇಳಿಯುತ್ತದೆ, ಈ ಡಬ್ಬಿಯಲ್ಲಿ ಮೊದಲು ಸಾಯುವ ಭಾಗವೂ ಅದೇ.

ಕೆಪಾಸಿಟರಿನದೇ ಇನ್ನೊಂದು ದೂರು ಇದೆ. ಬೂಸ್ಟಿಗೆ ಇಟ್ಟಿರುವುದು 220 ಮೈಕ್ರೋಫ್ಯಾರಡ್. 3 ಆಂಪಿಯರಿನ ಒಂದು ಹೊಡೆತಕ್ಕೆ ಕಾಯಿಲ್ಲಿನಲ್ಲಿ ತುಂಬುವ 36 ಮಿಲಿಜೌಲ್, ಶಾಖದ 4-5 ಸೇರಿ ಸುಮಾರು 40 ಮಿಲಿಜೌಲ್ ಹೋಗುತ್ತದೆ. ಬೂಸ್ಟ್ 70ರಿಂದ 65 ವೋಲ್ಟಿಗಿಂತ ಕೆಳಗೆ ಜಗ್ಗಬಾರದೆಂದರೆ ಒಂದು ಚಾನೆಲ್ಲಿಗೆ 120 ಮೈಕ್ರೋಫ್ಯಾರಡ್ ಬೇಕು, ನಾಲ್ಕೂ ಒಟ್ಟಿಗೆ ಹೊಡೆದರೆ 470. ಇರುವುದರಲ್ಲಿ ನಾಲ್ಕನ್ನೂ ಒಂದೇ ಕ್ಷಣಕ್ಕೆ ಹೊಡೆದರೆ ವೋಲ್ಟೇಜು 60ರ ಹತ್ತಿರ ಬಂದು ತೆರೆಯುವ ಸಮಯ ಜಾರುತ್ತದೆ. ಎರಡೆರಡು ಚಾನೆಲ್ಲುಗಳ ನಡುವೆ 2 ಮಿಲಿಸೆಕೆಂಡು ಅಂತರ ಇಟ್ಟರೆ ತೊಂದರೆ ಹಗುರಾಗುತ್ತದೆ. ತೂಕದ ಗೇಟುಗಳು ಹೇಗೂ ಒಟ್ಟಿಗೆ ಹೊಡೆಯುವುದು ಅಪರೂಪ. ಹೊರಗಿನಿಂದ ಕೆಪಾಸಿಟರ್ ಸೇರಿಸಲು ಟರ್ಮಿನಲ್ ಕೊಟ್ಟಿಲ್ಲ, ಇದು ಜಿಪುಣತನ.

ತೀರಾ ಚಿಕ್ಕ ಪಲ್ಸಿನ ಕೆಲಸದಲ್ಲಿ ಕ್ಲ್ಯಾಂಪಿನ ಶಾಖವನ್ನೂ ಲೆಕ್ಕ ಹಾಕಿ. 1 ಮಿಲಿಸೆಕೆಂಡಿನ ಪಲ್ಸ್ ಹೋಲ್ಡಿಗೆ ಇಳಿಯುವ ಮುಂಚೆಯೇ ಮುಗಿಯುವುದರಿಂದ 36 ಮಿಲಿಜೌಲಿನ ಬಹುಪಾಲು ಕ್ಲ್ಯಾಂಪಿಗೆ ಬಂದು ಬೀಳುತ್ತದೆ. ಸೆಕೆಂಡಿಗೆ 100 ಹೊಡೆತಕ್ಕೆ ಒಂದು ಚಾನೆಲ್ಲಿಗೆ 3 ವ್ಯಾಟಿನ ಮೇಲೆ. ಬೆಲೆಯುಳ್ಳ ಡ್ರೈವರುಗಳು ಈ ಶಕ್ತಿಯನ್ನು ಬೂಸ್ಟ್ ಕೆಪಾಸಿಟರಿಗೇ ಹಿಂದಿರುಗಿಸುತ್ತವೆ. ಇದು ಸುಟ್ಟು ಹಾಕುತ್ತದೆ. ಎಜೆಕ್ಟರ್ ಪರೀಕ್ಷೆಗೆ ಬಳಸುವವರು ಸೆಕೆಂಡಿಗೆ 30 ಹೊಡೆತದ ಒಳಗಿದ್ದರೆ ಚಿಂತೆಯಿಲ್ಲ. ಆ ಪರೀಕ್ಷೆಯಲ್ಲಿ ಒಳ್ಳೆ ಎಜೆಕ್ಟರಿನ ಕರೆಂಟ್ ಗೆರೆಯನ್ನು ಉಳಿಸಿಟ್ಟುಕೊಂಡು ಉಳಿದವನ್ನು ಹೋಲಿಸಿದರೆ ಜಿಡ್ಡು ಹಿಡಿದದ್ದು, ಸ್ಪ್ರಿಂಗ್ ಸೋತದ್ದು, ತೇವಕ್ಕೆ ತುಕ್ಕು ಬಂದದ್ದು ಬಿಚ್ಚದೆಯೇ ಗೊತ್ತಾಗುತ್ತದೆ: ತಗ್ಗು ತಡವಾಗಿ ಬಂದರೆ ಪ್ಲಂಜರ್ ಉಜ್ಜುತ್ತಿದೆ, ತಗ್ಗೇ ಇಲ್ಲದಿದ್ದರೆ ಅಂಟಿಕೊಂಡಿದೆ. ಅಂಟಿದ್ದನ್ನು ಕರೆಂಟು ಹೆಚ್ಚಿಸಿ ಬಿಡಿಸುವ ಆಸೆ ಬೇಡ. ಕಂಪ್ರೆಸರಿನ ಎಣ್ಣೆ, ನೀರು ಡ್ರೈಯರ್ ದಾಟಿ ಬರುತ್ತಿದ್ದರೆ ಯಾವ ಡ್ರೈವರೂ ಅದಕ್ಕೆ ಮದ್ದಲ್ಲ.

ವೈರಿಂಗ್ ಬಗ್ಗೆ ಚಿಕ್ಕದಾಗಿ. 20 ಮೀಟರ್ ದೂರಕ್ಕೆ 0.5 ಚದರ ಮಿ.ಮೀ. ವೈರ್ ಎಳೆದರೆ ಹೋಗಿ ಬರುವ ದಾರಿ 1.4 ಓಮ್, 3 ಆಂಪಿಯರಿಗೆ 4.2 ವೋಲ್ಟ್ ನಷ್ಟ. 1.5 ಚದರ ಮಿ.ಮೀ. ಹಾಕಿದರೆ 1.4 ವೋಲ್ಟ್. ಜೋಡಿ ಹೆಣೆದ ಶೀಲ್ಡ್ ಕೇಬಲ್ ಇರಲಿ, ಮೋಟರಿನ ಕೇಬಲ್ ಟ್ರೇಯಿಂದ ದೂರ ಇರಲಿ. ಡಬ್ಬಿಯ ಸ್ಕ್ರೂ ಟರ್ಮಿನಲ್ಲು ಸಣ್ಣದು, ಅದುರುವ ಜಾಗದಲ್ಲಿ ಎಳೆಎಳೆ ವೈರು ಸಡಿಲವಾಗುತ್ತದೆ. ತುದಿಗೆ ಫೆರೂಲ್ ಎಂಬ ಲೋಹದ ಕೊಳವೆಯನ್ನು ಕ್ರಿಂಪ್ ಮಾಡಿಯೇ ಹಾಕಿ. ಸಪ್ಲೈಗೆ 24 ವೋಲ್ಟ್ 5 ಆಂಪಿಯರಿನ ಪ್ರತ್ಯೇಕ ಎಸ್‌ಎಂಪಿಎಸ್ (ಡಿಸಿ ಪವರ್ ಸಪ್ಲೈ) ಕೊಡಿ. ಪಿಎಲ್‌ಸಿಯದರಿಂದ ಕವಲು ತೆಗೆದರೆ ಬೂಸ್ಟ್ ತುಂಬುವಾಗಿನ ಎಳೆತಕ್ಕೆ ಪಿಎಲ್‌ಸಿಯೇ ರೀಸೆಟ್ ಆದೀತು. ಗರಿಷ್ಠ ಆನ್ ಸಮಯದ ಮಿತಿ ಫ್ಯಾಕ್ಟರಿಯಿಂದ ಆಫ್ ಆಗಿ ಬರುತ್ತದೆ, ಅದನ್ನು ಆನ್ ಮಾಡದೆ ಮಷಿನ್ ಚಾಲೂ ಮಾಡಬೇಡಿ.

ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಬ್ಯಾಗ್ ಫಿಲ್ಟರಿಗೂ ಇದನ್ನು ಹಾಕಬಹುದೆಂದು ಹೇಳಿ ಮಾರುವವರಿದ್ದಾರೆ. ಹಾಕಬಹುದು, ಹಾಕುವ ಅಗತ್ಯವಿಲ್ಲ. ಫಿಲ್ಟರ್ ಚೀಲದ ದೂಳು ಕೊಡವಲು ಗಾಳಿ ಊದುವ ಪಲ್ಸ್ ಜೆಟ್ ವಾಲ್ವಿಗೆ 100 ಮಿಲಿಸೆಕೆಂಡಿನ ಆಸುಪಾಸಿನ ಪಲ್ಸು, ನಡುವೆ ಹಲವಾರು ಸೆಕೆಂಡು ಬಿಡುವು. ಅಲ್ಲಿ ಅರ್ಧ ಮಿಲಿಸೆಕೆಂಡು ಉಳಿಸಿ ಯಾರಿಗೂ ಲಾಭವಿಲ್ಲ. ಸಾದಾ ಸೀಕ್ವೆನ್ಷಿಯಲ್ ಟೈಮರ್ ಸಾಕು, ಮಿಕ್ಕ ಹಣದಲ್ಲಿ ಡಯಾಫ್ರಾಂ ಕಿಟ್ ತಂದಿಡಿ. ಶಹಾಪುರ, ಸುರಪುರ ಭಾಗದ ಅಕ್ಕಿ ಗಿರಣಿಯವರಿಗೆ ದಾಲ್ ಮಿಲ್ಲಿಗೆ ಹೇಳಿದ್ದೇ ಮಾತು: ಪ್ಯಾಕಿಂಗಿಗೆ ಸರಿ, ಸಾರ್ಟೆಕ್ಸಿಗೆ ಬೇಡ.

ಬೀದರಿನ ಕೊಳಾರ, ಯಾದಗಿರಿಯ ಕಡೇಚೂರಿನ ಔಷಧ, ರಾಸಾಯನಿಕ ಘಟಕಗಳವರು ಕೊಳ್ಳುವ ಮೊದಲು ಜಾಗ ನೋಡಬೇಕು. ದ್ರಾವಕದ ಆವಿ ಇರುವಲ್ಲಿ ಹಾಕಿದ, ಸ್ಫೋಟದ ಅಪಾಯವಿರುವ ಜಾಗಕ್ಕೆಂದು ಪ್ರಮಾಣೀಕರಿಸಿದ ಎಕ್ಸ್ (Ex) ಗುರುತಿನ ಕಾಯಿಲ್ಲಿಗೆ ಅದರ ಪ್ರಮಾಣಪತ್ರದಲ್ಲಿ ಬರೆದ ವೋಲ್ಟೇಜು, ವ್ಯಾಟೇ ಗಡಿ. 70 ವೋಲ್ಟಿನ ಬೂಸ್ಟ್ ಕೊಟ್ಟರೆ ಕಾಯಿಲ್ ಸುಡದೆ ಚೆನ್ನಾಗಿಯೇ ನಡೆದರೂ ಪ್ರಮಾಣಪತ್ರ ಆ ಕ್ಷಣಕ್ಕೆ ಬಿದ್ದುಹೋಗುತ್ತದೆ. ಬೇಳೆ, ಹೊಟ್ಟಿನ ದೂಳು ಕವಿಯುವ ಜಾಗಕ್ಕೂ ಈ ಎಚ್ಚರ ಸಲ್ಲುತ್ತದೆ. ಆ ದೂಳು ಗಾಳಿಯಲ್ಲಿ ದಟ್ಟವಾದರೆ ಹೊತ್ತಿಕೊಳ್ಳುವಂಥದ್ದು.

ಬೆಲೆ ಬರೀ ಆನ್-ಆಫ್ ಮಾಡುವ ಸಾದಾ ಎಸ್‌ಎಸ್‌ಆರ್ (ಸಾಲಿಡ್ ಸ್ಟೇಟ್ ರಿಲೇ) ಕಾರ್ಡಿನ ಹಲವು ಪಟ್ಟು. ದಿನಕ್ಕೆ ಸಾವಿರಾರು ಪ್ಯಾಕೆಟ್ ತೂಗುವ ಲೈನಿಗೆ, ಆಸಿಲೋಸ್ಕೋಪ್ ಹಿಡಿಯಬಲ್ಲ ಒಬ್ಬ ಎಲೆಕ್ಟ್ರಿಷಿಯನ್ ಇರುವ ಮಿಲ್ಲಿಗೆ ಕೊಡಬಹುದಾದ ಹಣ. ಸ್ಕೋಪಿಲ್ಲದೆ ಅಂದಾಜಿನಲ್ಲಿ ಸೆಟ್ ಮಾಡುವುದಾದರೆ ಅರ್ಧ ಬೆಲೆಯ, ಸ್ಕ್ರೂಡ್ರೈವರಿನಿಂದ ತಿರುಗಿಸಿ ಹೊಂದಿಸುವ ಟ್ರಿಮ್‌ಪಾಟ್ ಇರುವ ಪೀಕ್-ಹೋಲ್ಡ್ ಕಾರ್ಡೂ ಅಷ್ಟೇ ಕೆಲಸ ಮಾಡುತ್ತದೆ, ಕ್ಲ್ಯಾಂಪ್ ಇದ್ದರೆ. ಸೆಟ್ಟಿಂಗ್ ಸಾಫ್ಟ್‌ವೇರ್ ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ. ಅದರ ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡೇ ಡಬ್ಬಿ ತೆಗೆದುಕೊಳ್ಳಿ. ಜೊತೆಗೆ ಬಿಲ್ಲಿನಲ್ಲಿ ಫರ್ಮ್‌ವೇರ್ ಆವೃತ್ತಿ ಬರೆಸಿ. ಬದಲಿ ಡಬ್ಬಿ ಬೇರೆ ಆವೃತ್ತಿಯದಾದರೆ ಉಳಿಸಿದ ಸೆಟ್ಟಿಂಗ್ ಫೈಲನ್ನು ಅದು ತೆರೆಯುವುದಿಲ್ಲ, ಎಲ್ಲ ಅಂಕಿ ಮತ್ತೆ ಕೈಯಲ್ಲಿ ತುಂಬಬೇಕು. ರಿಪೇರಿಗೆ ಬೇಕಾದ ಮಾಸ್‌ಫೆಟ್ (ಕಾಯಿಲ್ಲಿನ ಕರೆಂಟನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್), 100 ವೋಲ್ಟಿನ 105 ಡಿಗ್ರಿ ಕೆಪಾಸಿಟರ್ ಹೈದರಾಬಾದಿನ ಕೋಠಿ ಗುಜರಾತಿ ಗಲ್ಲಿಯಲ್ಲೋ ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ಹುಡುಕಬೇಕು. ಮಾಸ್‌ಫೆಟ್ ಬದಲಿಸುವಾಗ ಮೂಲದ ವೋಲ್ಟೇಜ್ ರೇಟಿಂಗಿಗಿಂತ ಕಡಿಮೆಯದು ಹಾಕಿದರೆ ಮೊದಲ ಆಫ್ ಆಜ್ಞೆಗೇ ಅದು ಶಾರ್ಟಾಗಿ ಕಾಯಿಲ್ಲಿಗೆ ಪೂರ್ತಿ ಕರೆಂಟು ಬಿಟ್ಟುಬಿಡಬಹುದು. ಆಗ ಡ್ರೈವರಿನ ಆನ್ ಸಮಯದ ಮಿತಿಯೂ ಅದನ್ನು ತಡೆಯಲಾರದು. ಅದಕ್ಕೇ ಪ್ರತಿ ಚಾನೆಲ್ಲಿನ ಕಾಯಿಲ್ ಗೆರೆಗೆ 2 ಆಂಪಿಯರಿನ ಸ್ಲೋ ಬ್ಲೋ ಫ್ಯೂಸ್ ಹೊರಗಡೆಯೇ ಹಾಕಿ: ಕೆಲವೇ ಮಿಲಿಸೆಕೆಂಡಿನ 3 ಆಂಪಿಯರಿಗೆ ಅದು ಜಗ್ಗುವುದಿಲ್ಲ, ನಿಂತ 5, 6 ಆಂಪಿಯರಿಗೆ ಹಾರುತ್ತದೆ.